ಗಿಟಾರಿನ ಗರ್ಜನೆಗೆ ಬಿಗಿ ಎಲ್ಲಿಂದ?

ಮೆಟಲ್ ಸಂಗೀತದಲ್ಲಿ ಗಿಟಾರಿನ ನಾದವು ಗಡುಸಾಗಿರಬೇಕು. ಒಂದೊಂದು ಮೀಟೂ ಬೇರೆಬೇರೆಯಾಗಿ ಕೇಳಬೇಕು. ಆಂಪ್ಲಿಫೈಯರನ್ನು ಗಣಿತದಿಂದ ಅನುಕರಿಸುವ ಡಿಜಿಟಲ್ ಮಾಡೆಲರ್ ಕೈಗೆ ಬಂದೊಡನೆ ತರುಣರು ಗೇನ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸುತ್ತಾರೆ. ಆಗ ದೊರೆಯುವುದು ಗರ್ಜನೆಯಲ್ಲ, ಕಲಸುಮೇಲೋಗರ.

ಇದಕ್ಕೆ ಕಾರಣ ಉಂಟು. ಗೇನ್ ಹೆಚ್ಚಿದಂತೆ ಅಲೆಯ ಶಿಖರಗಳು ಕತ್ತರಿಸಿಹೋಗಿ, ಮೂಲದಲ್ಲಿಲ್ಲದ ಕಂಪನಗಳು ಹುಟ್ಟುತ್ತವೆ. ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಅದರೊಡನೆ ನುಡಿಸುವ ಪಂಚಮವು 123 ಸಲ. ಇವೆರಡರ ಅಂತರವಾದ 41 ಕಂಪನಗಳ ಗುಡುಗೂ ನಾದದಲ್ಲಿ ಬಂದು ಸೇರುತ್ತದೆ. ಮಂದ್ರದ ದೊಡ್ಡ ಅಲೆಗಳ ಮೇಲೇರಿದ ಸಣ್ಣ ಅಲೆಗಳು ಶಿಖರದೊಡನೆ ಕತ್ತರಿಸಿಹೋಗುವುದರಿಂದ ಮೀಟಿನ ಸ್ಪಷ್ಟತೆಯೂ ಅಳಿಯುತ್ತದೆ.

ಆದುದರಿಂದ ಮಂದ್ರವನ್ನು ತಗ್ಗಿಸಬೇಕಾದುದು ಈ ಕತ್ತರಿಕೆಗೆ ಮೊದಲು. ಬೆರೆತ ಮೇಲೆ ಬೇರ್ಪಡಿಸುವುದು ಕಷ್ಟ. ಟ್ಯೂಬ್ ಸ್ಕ್ರೀಮರ್ ಎಂಬ ಹಳೆಯ ಪೆಡಲನ್ನು ಮೆಟಲ್ ವಾದಕರು ಆಂಪ್ಲಿಫೈಯರಿಗೆ ಮುಂದೆ ಜೋಡಿಸುತ್ತಿದ್ದುದು ಇದಕ್ಕಾಗಿಯೇ. ಸುಮಾರು 720 ಹರ್ಟ್ಸಿಗಿಂತ ಕೆಳಗಿನ ಕಂಪನಗಳನ್ನು ಅದು ಕಡಮೆ ವರ್ಧಿಸುತ್ತದೆ. ಇದರ ಅನುಕೃತಿ ಮಾಡೆಲರುಗಳಲ್ಲಿಯೂ ಸಾಮಾನ್ಯವಾಗಿ ದೊರೆಯುತ್ತದೆ. ಅದರ ಡ್ರೈವನ್ನು ತಗ್ಗಿಸಿ, ಲೆವೆಲನ್ನು ಏರಿಸಿದರೆ ಸಾಕು.

ಪ್ರಸಿದ್ಧ ವಾದಕರ ಅಂಕಿಗಳನ್ನು ನಕಲು ಮಾಡುವುದರಿಂದ ಹೆಚ್ಚೇನೂ ಫಲವಿಲ್ಲವೆಂಬುದು ನಮ್ಮ ಅಭಿಪ್ರಾಯ. ಅವರ ಗಿಟಾರ್ ಬೇರೆ, ಕೈ ಬೇರೆ. ಗೇನನ್ನು ಅರ್ಧಕ್ಕಿಳಿಸಿ, ಧ್ವನಿಯ ಪ್ರಮಾಣವನ್ನು ಸಮವಾಗಿರಿಸಿ, ಒಮ್ಮೆಗೆ ಒಂದನ್ನೇ ಬದಲಿಸಿ ಆಲಿಸುವುದು ಲೇಸು. ಪ್ರಯೋಗಶಾಲೆಯಲ್ಲಿ ಕಲಿತ ಶಿಸ್ತು ಸಂಗೀತದ ಕೊಠಡಿಗೂ ಸಲ್ಲುತ್ತದೆ. ಕಾರಣವನ್ನರಿತ ಕಿವಿಗೆ ಅಗ್ಗದ ಯಂತ್ರವೂ ವಿಧೇಯವಾದೀತು.