ಅಮೆರಿಕದ ಹೆದ್ದಾರಿಯೂ ನಮ್ಮ ರಾತ್ರಿ ಬಸ್ಸೂ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ನ್ಯೂಜರ್ಸಿಯವರೆಗೆ 80ನೆಯ ಸಂಖ್ಯೆಯ ಹೆದ್ದಾರಿಯು ಹನ್ನೊಂದು ಸಂಸ್ಥಾನಗಳನ್ನು ಹಾದುಹೋಗುತ್ತದೆ. ಸುಮಾರು 2,900 ಮೈಲಿಗಳ ಈ ದಾರಿಯನ್ನು ಮೋಟಾರಿನಲ್ಲಿ ಕ್ರಮಿಸುವ ಸಂದರ್ಭ ಈಚೆಗೆ ನಮಗೆ ಒದಗಿತು. ನೆವಾಡದ ಮರಳುಗಾಡು, ವಯೋಮಿಂಗಿನ ಬಿರುಗಾಳಿ, ನೆಬ್ರಾಸ್ಕದ ಮುಗಿಯದ ಮುಸುಕಿನ ಜೋಳದ ಹೊಲಗಳು ಪ್ರವಾಸಕಥನ ಬರೆಯುವವರ ಪಾಲಿಗಿರಲಿ. ನಮ್ಮ ಗಮನವನ್ನು ಸೆಳೆದವರು ಗಾಡಿ ನಡೆಸುವವರು.

ಅಧ್ಯಕ್ಷ ಐಸೆನ್‌ಹೋವರರ ಕಾಲದಲ್ಲಿ, 1956ರ ಶಾಸನದಿಂದ ಹುಟ್ಟಿದ ಈ ಹೆದ್ದಾರಿಗಳ ಜಾಲದಲ್ಲಿ ಪೂರ್ವ ಪಶ್ಚಿಮವಾಗಿ ಸಾಗುವ ಮುಖ್ಯ ದಾರಿಗಳಿಗೆ ಸಮಸಂಖ್ಯೆ, ಉತ್ತರ ದಕ್ಷಿಣದವಕ್ಕೆ ಬೆಸಸಂಖ್ಯೆ. ಅಂಕಿ ಬಲ್ಲವನಿಗೆ ದಿಕ್ಕು ತಪ್ಪದು. ಆದರೆ ನಮ್ಮನ್ನು ಬೆರಗುಗೊಳಿಸಿದ್ದು ಹೆದ್ದಾರಿಯಲ್ಲ; ಅದರಿಂದ ಇಳಿದು ಸಣ್ಣ ಊರುಗಳನ್ನು ಹೊಕ್ಕಾಗ ಕಂಡ ನಾಲ್ಕು ದಾರಿಗಳ ಕೂಡುರಸ್ತೆ. ಅಲ್ಲಿ ಪೋಲೀಸನಿಲ್ಲ, ದೀಪವಿಲ್ಲ. ನಾಲ್ಕು ಕಡೆಗೂ ‘ನಿಲ್ಲು’ ಎಂಬ ಕೆಂಪು ಫಲಕ ಮಾತ್ರ. ಬಂದವರು ನಿಲ್ಲುತ್ತಾರೆ, ಮೊದಲು ಬಂದವನು ಮೊದಲು ಹೊರಡುತ್ತಾನೆ. ಇಬ್ಬರು ಒಂದೇ ಕ್ಷಣದಲ್ಲಿ ಬಂದರೆ ಬಲಗಡೆಯವನಿಗೆ ದಾರಿ. ಭಾರಿ ಲಾರಿಗೂ ಮುರುಕು ಕಾರಿಗೂ ಸರದಿ ಒಂದೇ. ಹಾರನ್ನಿನ ಸದ್ದನ್ನು ನಾವು ಕೇಳಿದ್ದು ಅಪರೂಪ.

ಇದನ್ನು ಕಂಡು ಆ ಜನರು ಹುಟ್ಟಿನಿಂದಲೇ ಶಿಸ್ತಿನವರೆಂದು ಹೊಗಳುವುದು ನಮ್ಮವರಲ್ಲಿ ರೂಢಿಯಾಗಿದೆ. ನಾವದನ್ನು ಒಪ್ಪಲಾರೆವು. ಒಂದು ಕೈಯಲ್ಲಿ ಫೋನು ಹಿಡಿದು ಗಾಡಿ ನಡೆಸುವವರನ್ನು ಅಲ್ಲಿಯೂ ಬೇಕಾದಷ್ಟು ಕಂಡೆವು. 2022ರಲ್ಲಿ ಆ ದೇಶದ ರಸ್ತೆಗಳಲ್ಲಿ 42,514 ಮಂದಿ ಸತ್ತರು, ನಮ್ಮಲ್ಲಿ 1,68,491. ಜನಸಂಖ್ಯೆಗೆ ಹಿಡಿದು ನೋಡಿದರೆ ಅವರ ಪ್ರಮಾಣವು ನಮ್ಮದಕ್ಕಿಂತ ಕಡಿಮೆಯೇನಲ್ಲ. ಕಾಲ್ನಡೆಯವನ ಪಾಡಂತೂ ಕೇಳಲೇಬಾರದು. ಹೆದ್ದಾರಿಯ ಬದಿಯ ವಸತಿಗೃಹದಿಂದ ಎದುರಿನ ಉಪಾಹಾರಗೃಹಕ್ಕೆ ನಡೆದುಹೋಗಲು ಎಷ್ಟೋ ಕಡೆ ಪಾದಚಾರಿ ದಾರಿಯೇ ಇರಲಿಲ್ಲ. ಕಾರಿಲ್ಲದವನು ಮನುಷ್ಯನೆಂಬುದನ್ನು ಆ ರಸ್ತೆಗಳು ಮರೆತಿವೆ.

ಹಾಗಾದರೆ ಕೂಡುರಸ್ತೆಯ ಆ ಸೌಜನ್ಯ ಎಲ್ಲಿಂದ ಬಂತು? ನಿಯಮದಿಂದ, ನಿಯಮ ಮುರಿದರೆ ತೆರಬೇಕಾದ ದಂಡದಿಂದ, ದಂಡ ತೆತ್ತ ಮೇಲೆ ಏರುವ ವಿಮೆಯ ಕಂತಿನಿಂದ ಎಂದೇ ನಾವು ಭಾವಿಸುತ್ತೇವೆ. ಲಾರಿಯವರ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿನ ಲಾರಿ ಚಾಲಕನು ಸತತ 10 ಗಂಟೆಗಳ ವಿಶ್ರಾಂತಿಯ ಬಳಿಕ ಹೆಚ್ಚೆಂದರೆ 11 ಗಂಟೆ ಗಾಡಿ ನಡೆಸಬಹುದು. 2017ರ ಡಿಸೆಂಬರಿನಿಂದ ಬಹುಮಟ್ಟಿನ ಲಾರಿಗಳಲ್ಲಿ ಎಂಜಿನಿಗೆ ಜೋಡಿಸಿದ ಯಂತ್ರವೇ ಈ ಲೆಕ್ಕವನ್ನು ಬರೆದಿಡುತ್ತದೆ. ಧಣಿಯ ಒತ್ತಾಯಕ್ಕೂ ಚಾಲಕನ ಆಸೆಗೂ ಅದು ಸುಲಭವಾಗಿ ಬಗ್ಗದು. ಸಂಜೆಯಾಗುತ್ತಲೇ ತಂಗುದಾಣಗಳಲ್ಲಿ ಲಾರಿಗಳು ಸಾಲುಗಟ್ಟಿ ನಿಂತು ಒಳಗೆ ಚಾಲಕರು ಮಲಗಿರುತ್ತಾರೆ. ಇವರಲ್ಲಿ ಪಂಜಾಬಿಗಳೂ ಈಗ ಅನೇಕರು. ಅವರಿಗಾಗಿ ಹೆದ್ದಾರಿಯ ಪಕ್ಕದಲ್ಲಿ ಢಾಬಾಗಳೂ ಎದ್ದಿವೆಯೆಂಬುದು ಹೋಟೆಲು ಬಲ್ಲ ನಮ್ಮ ಓದುಗರಿಗೆ ಸಂತಸದ ಸುದ್ದಿ.

ಚೌತಿಗೋ ಮೇ ತಿಂಗಳ ರಜೆಗೋ ಮುಂಬಯಿಯಿಂದ ಉಡುಪಿ, ಮಂಗಳೂರುಗಳಿಗೆ ರಾತ್ರಿ ಬಸ್ಸು ಹತ್ತುವ ನಮ್ಮ ಬಾಂಧವರಿಗೆ ಈ ಮಾತು ದೂರದೇಶದ್ದಲ್ಲ. ಮೋಟಾರು ಸಾರಿಗೆ ಕಾರ್ಮಿಕರಿಗೆ ಸಾಮಾನ್ಯವಾಗಿ ದಿನಕ್ಕೆ 8 ಗಂಟೆಯೇ ದುಡಿಮೆಯೆಂದು 1961ರಲ್ಲಿಯೇ ನಮ್ಮ ಕಾಯ್ದೆ ವಿಧಿಸಿತ್ತು. ಕಾಯ್ದೆಗೆ ಕೊರತೆಯಿಲ್ಲ, ಗಂಟೆ ಎಣಿಸುವವರಿಗೆ ಕೊರತೆ. ನಿದ್ದೆಗೆಟ್ಟ ಕೈ ಏನು ಮಾಡುತ್ತದೆಂಬುದನ್ನು ಹೋಟೆಲಿನಲ್ಲಿ ದುಡಿಯುವವರಿಗೆ ಹೇಳಬೇಕಾಗಿಲ್ಲ. ಅಲ್ಲಿ ಒಡೆಯುವುದು ಗಾಜಿನ ಲೋಟ ಮಾತ್ರ. ಟಿಕೆಟು ಕೊಳ್ಳುವಾಗ ಕಿಟಕಿಯ ಬದಿಯ ಆಸನವುಂಟೇ ಎಂದು ವಿಚಾರಿಸುವ ನಾವು, ಚಾಲಕರು ಎಷ್ಟು ಮಂದಿ, ಯಾವ ಊರಿನಲ್ಲಿ ಬದಲಾಗುತ್ತಾರೆ ಎಂದೂ ಇನ್ನು ಮುಂದೆ ಕೇಳೋಣ. ಬುಕಿಂಗ್ ಕಚೇರಿಯವರು ಮೊದಲ ದಿನ ನಕ್ಕಾರು, ನಗಲಿ.