ಜೇನ್ನೊಣವೇ ಹೊತ್ತು ತರುವ ರೋಗ



ಬೆಳೆಗೆ ರೋಗವೆಂದರೆ ಎಲೆ ಮುರುಟುವುದು, ಗಿಡ ಒಣಗುವುದು ಎಂದೇ ಹಲವರ ಎಣಿಕೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ರಾಸ್ಪ್‌ಬೆರಿ ಬೆಳೆಗಾರರ ಪಾಡೇ ಬೇರೆ. ‘ರಾಸ್ಪ್‌ಬೆರಿ ಬುಷಿ ಡ್ವಾರ್ಫ್’ ವೈರಸ್ ತಗುಲಿದ ಗಿಡ ಎಷ್ಟೋ ಸಲ ಹಸಿರಾಗಿಯೇ ನಿಂತಿರುತ್ತದೆ. ಹಣ್ಣು ಮಾತ್ರ ಕಿತ್ತೊಡನೆ ಪುಡಿಪುಡಿ. ಒಂದೊಂದು ಹಣ್ಣೂ ಹತ್ತಾರು ಪುಟ್ಟ ರಸಗುಳಿಗೆಗಳ ಗೊಂಚಲು. ಅವುಗಳಲ್ಲಿ ಕೆಲವು ಬಲಿಯದೆ ಹೋದರೆ ಉಳಿದವಕ್ಕೆ ಹಿಡಿತವಿಲ್ಲ. ಇಡೀ ಹಣ್ಣಾಗಿ ಬಿಕರಿಯಾಗಬೇಕಾದ್ದು ಜ್ಯೂಸಿನ ದರಕ್ಕೆ ಇಳಿಯುತ್ತದೆ.

ಈ ವೈರಸ್ ಹರಡುವುದು ಪರಾಗದ ಮೂಲಕ.

ಫಸಲಿಗೆ ಬೇಕೇಬೇಕಾದ ಜೇನ್ನೊಣವೇ ಸೋಂಕನ್ನೂ ಹೊತ್ತು ತಂದರೆ ಯಾರ ಮೇಲೆ ಔಷಧಿ ಹೊಡೆಯುವುದು? ಅಲ್ಲಿ ಬೆಳೆಯುವ ‘ಮೀಕರ್’ ತಳಿಗೆ ಇದು ಸುಲಭವಾಗಿ ಅಂಟುತ್ತದೆ. ತಗುಲಿದ ಗಿಡಕ್ಕೆ ಮದ್ದಿಲ್ಲ; ಕಿತ್ತು ಹಾಕಿ, ಪರೀಕ್ಷಿಸಿದ ಸಸಿ ನೆಡಬೇಕು. ಪಕ್ಕದ ಹಳೇ ತೋಟದಲ್ಲಿ ರೋಗವಿದ್ದರೆ ಈ ಹೊಸ ಗಿಡಗಳಿಗೂ ಹೂ ಬಿಡುವ ಕಾಲದಲ್ಲಿ ಸೋಂಕು ತಗಲುವ ಭಯ ಇದ್ದೇ ಇರುತ್ತದೆ.

– ಒಬ್ಬ ಓದುಗ