ಗೀಜರಿನ ಸ್ಟಾರ್ ಎಣಿಸುವ ಮುನ್ನ ಬಕೀಟು ಎಣಿಸಿ

ಚಳಿ ಶುರುವಾಗುತ್ತಿದ್ದಂತೆ ಗೆಳೆಯರು ಕೇಳುವ ಪ್ರಶ್ನೆ ಒಂದೇ. "ಯಾವ ಗೀಜರ್ ತಗೊಳ್ಳಲಿ ಮಾರಾಯಾ? ಫೈವ್ ಸ್ಟಾರ್ ತಗೊಂಡ್ರೆ ಕರೆಂಟ್ ಉಳಿಯುತ್ತಾ?" ಅಂಗಡಿಯವನಂತೂ ಖಂಡಿತ ಉಳಿಯುತ್ತೆ ಅಂದಿರುತ್ತಾನೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ.

ಆ ಸ್ಟಾರುಗಳು ಏನನ್ನು ಅಳೆಯುತ್ತವೆ ಎಂದು ಕೇಳುವವರೇ ಕಡಿಮೆ. ಟ್ಯಾಂಕ್ ಇರುವ ಗೀಜರಿನಲ್ಲಿ ಕಾದ ನೀರು ಸುಮ್ಮನೆ ನಿಂತಿದ್ದರೆ 24 ಗಂಟೆಯಲ್ಲಿ ಎಷ್ಟು ಶಾಖ ಸೋರಿ ಹೋಗುತ್ತದೆ ಎಂಬುದನ್ನು ನೋಡಿ ಬಿಇಇ ಅವನ್ನು ಕೊಡುತ್ತದೆ. ಅಂದರೆ ಫ್ಲಾಸ್ಕಿಗೆ ಮಾರ್ಕ್ಸ್ ಕೊಟ್ಟ ಹಾಗೆ. ನೀರು ಕಾಯಿಸುವ ವಿಷಯದಲ್ಲಿ ಎಲ್ಲ ಗೀಜರುಗಳೂ ಹೆಚ್ಚುಕಡಿಮೆ ಒಂದೇ. ಕಾಯಿಲ್‌ಗೆ ಹೋದ ಕರೆಂಟೆಲ್ಲ ಶಾಖವೇ ಆಗುತ್ತದೆ. ಸ್ವಿಚ್ ಹಾಕಿ, ಸ್ನಾನ ಮುಗಿಸಿ, ಆರಿಸಿ ಹೋಗುವ ಮನೆಗೆ ಸ್ಟಾರಿನಿಂದ ಉಳಿಯುವುದು ಅಷ್ಟಕ್ಕಷ್ಟೆ. ದಿನವಿಡೀ ಆನ್ ಇಡುವ ಅಭ್ಯಾಸ ಇದ್ದವರಿಗೆ ಮಾತ್ರ ಅದು ನಿಜವಾಗಿ ಮುಖ್ಯ.

ಹಾಗಾದರೆ ಕರೆಂಟ್ ಎಲ್ಲಿ ಹೋಗುತ್ತದೆ? ಲೆಕ್ಕ ಸರಳ. 20 ಲೀಟರಿನ ಒಂದು ಬಕೀಟು ನೀರನ್ನು 22 ಡಿಗ್ರಿಯಿಂದ 42ಕ್ಕೆ ಏರಿಸಲು ಸುಮಾರು ಅರ್ಧ ಯೂನಿಟ್ ಬೇಕು. ಯಾವ ಕಂಪನಿಯ ಗೀಜರ್ ತಂದರೂ ಇದರಿಂದ ತಪ್ಪಿಸಿಕೊಳ್ಳಲಾಗದು. ನಾಲ್ಕು ಜನರ ಮನೆಯಲ್ಲಿ ತಲೆಗೊಂದು ಬಕೀಟು ಎಂದರೆ ದಿನಕ್ಕೆ 2 ಯೂನಿಟ್, ತಿಂಗಳಿಗೆ 60. ಶವರ್ ಬಿಟ್ಟುಕೊಂಡು ಹತ್ತು ನಿಮಿಷ ಹಾಡು ಹೇಳುವವರಿದ್ದರೆ ಲೆಕ್ಕ ಎಲ್ಲಿಗೋ ಹೋಗುತ್ತದೆ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಆ ಗಡಿಯ ಅಂಚಿನಲ್ಲಿರುವ ಮನೆಗಳನ್ನು ಚಳಿಗಾಲದಲ್ಲಿ ಆಚೆ ತಳ್ಳುವುದು ಹೆಚ್ಚಾಗಿ ಈ ಬಚ್ಚಲುಮನೆಯೇ.

ಸ್ವಂತ ತಾರಸಿ ಇದ್ದವರಿಗೆ ಸೋಲಾರ್‌ಗಿಂತ ಒಳ್ಳೆಯದಿಲ್ಲ, ಇದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಕರ್ನಾಟಕದಲ್ಲಿ 2007ರಿಂದ ಒಂದು ಅಳತೆಗಿಂತ ದೊಡ್ಡ ಮನೆಗಳಿಗೆ ಸೋಲಾರ್ ಕಡ್ಡಾಯ ಎಂದಾದ ಮೇಲೆ, ಎಷ್ಟೋ ಜನ ಅದನ್ನು ಮೀಟರ್ ಕನೆಕ್ಷನ್ ಸಿಗಲಿ ಅಂತ ಮಾತ್ರ ಹಾಕಿಸಿಕೊಳ್ಳುತ್ತಾರೆ. ಮೂರನೇ ಮಹಡಿಯ ಮೇಲಿನ ಟ್ಯಾಂಕಿನಿಂದ ನೆಲಮಹಡಿಯ ಬಚ್ಚಲಿಗೆ ಹೊದಿಕೆಯಿಲ್ಲದ ಪೈಪು! ಬಿಸಿನೀರು ಬರುವಷ್ಟರಲ್ಲಿ ಅರ್ಧ ಬಕೀಟು ತಣ್ಣೀರು ಮೋರಿಗೆ.

ಇನ್ನು ಬ್ಯಾಕಪ್ ಸ್ವಿಚ್. ಮೋಡ ಮುಸುಕಿದ ದಿನಗಳಿಗೆಂದು ಸೋಲಾರ್ ಟ್ಯಾಂಕಿನೊಳಗೇ ಒಂದು ಹೀಟರ್ ಇಟ್ಟಿರುತ್ತಾರೆ. ಅದನ್ನು ಹಾಕಿದರೆ ಕಾಯುವುದು ನಿಮ್ಮ ಒಂದು ಬಕೀಟಲ್ಲ, ಇಡೀ ಟ್ಯಾಂಕು. 100 ಲೀಟರನ್ನು 30 ಡಿಗ್ರಿ ಏರಿಸಲು ಮೂರೂವರೆ ಯೂನಿಟ್. ಒಬ್ಬರ ಸ್ನಾನಕ್ಕೆ ದೊಡ್ಡ ಹಂಡೆ ತುಂಬ ಕಾಯಿಸಿದ ಹಾಗಾಯಿತು. ಮಲೆನಾಡಿನ ಬಚ್ಚಲೊಲೆಗೆ ಅಡಿಕೆ ಸಿಪ್ಪೆ, ತೆಂಗಿನ ಗರಿ ಪುಕ್ಕಟೆ ಸಿಗುತ್ತಿತ್ತು, ಮನೆ ತುಂಬ ಜನರೂ ಇದ್ದರು, ಅಲ್ಲಿಗೆ ಹಂಡೆ ಸರಿ. ಮೇಲಾಗಿ ಆ ಸ್ವಿಚ್ಚನ್ನು ಜುಲೈಯಲ್ಲಿ ಹಾಕಿದವರು ಆರಿಸಲು ಮರೆತರೆ, ಮಧ್ಯಾಹ್ನ ಸೂರ್ಯ ಮಾಡಬೇಕಿದ್ದ ಕೆಲಸವನ್ನು ರಾತ್ರಿಯೇ ಬೆಸ್ಕಾಂ ಮುಗಿಸಿರುತ್ತದೆ. ಅದರ ಬದಲು ಬಚ್ಚಲಿನಲ್ಲೇ ಬೇರೆಯಾಗಿ 10 ಲೀಟರಿನ ಪುಟ್ಟ ಗೀಜರ್ ಇಟ್ಟುಕೊಳ್ಳಿ, ಬೇಕಾದ ದಿನ ಬೇಕಾದಷ್ಟು ಮಾತ್ರ ಕಾಯಿಸಿಕೊಳ್ಳಬಹುದು.

ಅಪಾರ್ಟ್‌ಮೆಂಟಿನವರಿಗೆ ಹೀಟ್ ಪಂಪ್ ಒಂದು ದಾರಿ. ಫ್ರಿಜ್ಜನ್ನು ಉಲ್ಟಾ ಮಾಡಿದಂತೆ, ಹೊರಗಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ಕೊಡುತ್ತದೆ. ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಶಾಖ ಸಿಗುತ್ತದೆ. ಬೆಲೆ ಮಾತ್ರ ಕೈ ಸುಡುತ್ತದೆ, ನಾಲ್ಕು ಜನರ ಒಂದೇ ಮನೆಗೆ ಹಾಕಿಸುವುದಕ್ಕಿಂತ ಇಡೀ ಕಟ್ಟಡಕ್ಕೆ ಸೇರಿ ಹಾಕಿಸುವುದೇ ವಾಸಿ.

ಗ್ಯಾಸ್ ಗೀಜರ್ ಅಗ್ಗ ಎನ್ನುವವರಿದ್ದಾರೆ. ಇರಬಹುದು. ಆದರೆ ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಅದು ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಎಂಬ ಸುದ್ದಿ ಮತ್ತೆ ಮತ್ತೆ ಓದುತ್ತೇವೆ. ಈಗಾಗಲೇ ಇದ್ದರೆ ಗೀಜರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ. ನೀರು ಮಾತ್ರ ಪೈಪಿನಲ್ಲಿ ಒಳಗೆ ಬರಲಿ.

ಅಂದ ಹಾಗೆ, ನಿಮ್ಮ ಮನೆಯ ಸೋಲಾರ್ ಬ್ಯಾಕಪ್ ಸ್ವಿಚ್ ಎಲ್ಲಿದೆ ಗೊತ್ತಾ? ಈಗ ಆನ್ ಇದೆಯೋ ಆಫ್ ಇದೆಯೋ ಒಮ್ಮೆ ನೋಡಿ ಬನ್ನಿ.